ಬೀದಿಗೆ ಮುಖ ಮಾಡಿದ ಬೂಟು

ನಮ್ಮೂರ ಪುರಭವನದ ಬಾಗಿಲಲ್ಲಿ ಚಪ್ಪಲಿ ಕಾಯುವವಳು ನಾನು, ಹೊಂಬಾಳಮ್ಮ. ಬೇರೆ ಊರಿನವರಿಗೆ ಇದು ಕೆಲಸವೇ ಅಲ್ಲ ಅನ್ನಿಸಬಹುದು. ನಮ್ಮೂರಲ್ಲಿ ಹಾಗಲ್ಲ. ಇಲ್ಲಿ ಈ ಕೆಲಸಕ್ಕೆ ಸೇರುವ ದಿನ ಪುರಸಭೆಯ ಅಧ್ಯಕ್ಷರ ಎದುರು ನಿಂತು, ಕಂಡದ್ದನ್ನು ಬೇರೆಯವರಿಗೆ ಹೇಳುವುದಿಲ್ಲ ಎಂದು ಪ್ರಮಾಣ ಮಾಡಬೇಕು. ಡಾಕ್ಟರಿಗೂ ಅಷ್ಟು ಕಟ್ಟುನಿಟ್ಟಿಲ್ಲ. ಹತ್ತೊಂಬತ್ತು ವರ್ಷದಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೇನೆ. ನನ್ನ ಬಾಯಿ ಎಂಥದ್ದು ಅಂತ ಬಲ್ಲವರಿಗೆ ಇದೆಷ್ಟು ಕಷ್ಟದ ನೌಕರಿ ಅನ್ನುವುದು ಅರ್ಥವಾದೀತು.

ವಿಷಯ ಇಷ್ಟೇ. ನಮ್ಮೂರಲ್ಲಿ ಮನಸ್ಸು ಭಾರವಾದವರ ಚಪ್ಪಲಿ ಬಿಟ್ಟ ಹಾಗೆ ಇರುವುದಿಲ್ಲ. ಬಾಗಿಲ ಕಡೆ ಮೂತಿ ಮಾಡಿ ಬಿಟ್ಟು ಒಳಗೆ ಹೋದರೆ, ವಾಪಸು ಬರುವಷ್ಟರಲ್ಲಿ ಓರೆಯಾಗಿರುತ್ತದೆ. ಭಾರ ಹೆಚ್ಚಿದಷ್ಟೂ ಇನ್ನಷ್ಟು ತಿರುಗುತ್ತದೆ. ಸಂಬಂಧ ತಪ್ಪಿಹೋದದ್ದು, ಮಗ ಫೇಲಾದದ್ದು, ಅತ್ತೆ ಬಂದು ತಿಂಗಳಾದರೂ ಹೊರಡದೆ ಇದ್ದದ್ದು, ಇವೆಲ್ಲ ಓರೆಯಲ್ಲೇ ನಿಲ್ಲುತ್ತವೆ. ಪೂರ್ತಿ ತಿರುಗಿ ಬೀದಿಗೆ ಮುಖ ಮಾಡಿತು ಅಂದರೆ, ಆ ಮನುಷ್ಯ ಈ ಲೋಕದಿಂದಲೇ ಹೊರಡುವ ಯೋಚನೆಯಲ್ಲಿದ್ದಾನೆ ಅಂತ ಅರ್ಥ. ಇದು ನಮ್ಮೂರಲ್ಲಿ ಗೊತ್ತಿಲ್ಲದವರು ಯಾರೂ ಇಲ್ಲ.

ಗೊತ್ತಿರುವುದರಿಂದಲೇ ನಾವು ಒಂದು ಮರ್ಯಾದೆ ಕಲಿತಿದ್ದೇವೆ. ತಿರುಗಿದ ಚಪ್ಪಲಿ ಕಂಡರೆ ಕಾಲಿನಿಂದ ಮೆಲ್ಲಗೆ ತಳ್ಳಿ, ನೆಟ್ಟಗೆ ಮಾಡಿ, ಮುಂದೆ ಹೋಗಬೇಕು. ಯಾರದು ಅಂತ ಕೇಳಬಾರದು. ಯಾಕೆ ಅಂತ ಅಂತೂ ಕೇಳಲೇಬಾರದು. ಕೇಳಿದರೆ ಅವರ ಮಾನವೂ ಹೋಯಿತು, ನಮ್ಮ ಮಾನವೂ ಹೋಯಿತು. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖಕ್ಕಿಂತ ಮೊದಲು ಬಾಗಿಲಲ್ಲಿರುವ ಅವಳ ಚಪ್ಪಲಿ ನೋಡುತ್ತಾರೆ, ಅದಕ್ಕೇ ಉಪ್ಪಿಟ್ಟು ಮುಗಿಯುವವರೆಗೂ ಮನೆಯ ಯಾರಾದರೊಬ್ಬರು ಅದರ ಮೇಲೆ ಕಾಲಿಟ್ಟುಕೊಂಡು ನಿಂತಿರುತ್ತಾರೆ. ಬಡಗಿ ಪುಟ್ಟಾಚಾರಿ ಚಪ್ಪಲಿಯನ್ನು ಅಲ್ಲಾಡದಂತೆ ಬಿಗಿಯಾಗಿ ಹಿಡಿಯುವ ಗೂಡು ಕಂಡುಹಿಡಿದ ಮೇಲಂತೂ ಊರಿನ ಕಷ್ಟವೇ ಕಳೆಯಿತು. ಆ ಗೂಡಿಲ್ಲದ ಮನೆ ಈಗ ಇಲ್ಲ. ಒಳಗೆ ಯಾರು ಹೇಗಿದ್ದರೂ ಹೊರಗೆ ಚಪ್ಪಲಿ ನೆಟ್ಟಗಿರುತ್ತದೆ. ನಾನೇನು ಕಮ್ಮಿಯವಳಲ್ಲ, ನನ್ನ ಚಪ್ಪಲಿಯನ್ನು ಸ್ಟೂಲಿನ ಕೆಳಗಿಟ್ಟು ಮೇಲೆ ಗೋಣಿಚೀಲ ಮುಚ್ಚುತ್ತೇನೆ. ಊರಿನ ಚಪ್ಪಲಿ ಕಾಯುವವಳ ಚಪ್ಪಲಿಯನ್ನು ಊರು ನೋಡಬಾರದು ಅನ್ನುವುದು ನನ್ನ ಸಿದ್ಧಾಂತ.

ಹೀಗೆ ಸುಖವಾಗಿದ್ದೆವು. ಹೋದ ವರ್ಷ ಗ್ರಂಥಾಲಯದ ಇಂದುಧರಯ್ಯ ಹೋಗಿಬಿಟ್ಟರು. ಕಾಯಿಲೆ ಕಸಾಲೆ ಏನಿರಲಿಲ್ಲ, ತಾವಾಗಿಯೇ ಹೋದರು. ಪುಸ್ತಕ ತಡವಾಗಿ ಕೊಟ್ಟವರಿಗೂ ಬೈಯದ ಮನುಷ್ಯ. ಪುರಭವನದಲ್ಲಿ ಸಂತಾಪ ಸಭೆ ಸೇರಿತು. ಮೊದಲು ಎದ್ದು ನಿಂತವರು ಹೈಸ್ಕೂಲಿನ ಆಟದ ಮೇಷ್ಟ್ರು ಫಾಲಾಕ್ಷಪ್ಪ. ಇಂದುಧರಯ್ಯನವರ ಜೊತೆ ದಿನಾ ಸಾಯಂಕಾಲ ಕೇರಂ ಆಡುತ್ತಿದ್ದವರು. "ಅವತ್ತು ಬೆಳಿಗ್ಗೆ ಗ್ರಂಥಾಲಯದ ಬಾಗಿಲಲ್ಲಿ ಅವನ ಚಪ್ಪಲಿ ಬೀದಿ ಕಡೆ ತಿರುಗಿತ್ತು. ನಾನೇ ನೆಟ್ಟಗೆ ಮಾಡ್ದೆ" ಅಂದರು. ಎರಡನೆಯವರು ಎದ್ದು, ಹತ್ತು ಗಂಟೆಗೆ ನಾನೂ ಮಾಡಿದ್ದೆ ಅಂದರು. ಮೂರನೆಯವರ ತನಕ ಹೇಳುವವರ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಐದಾರು ಜನ ಆಗುವಷ್ಟರಲ್ಲಿ ಹೆಮ್ಮೆ ಕರಗಿ, ಹನ್ನೊಂದನೆಯವರು ಎದ್ದಾಗ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಂದೇ ದಿನ ಹನ್ನೊಂದು ಜನ ಆ ಚಪ್ಪಲಿಯನ್ನು ನೆಟ್ಟಗೆ ಮಾಡಿದ್ದರು, ಒಬ್ಬರೂ ಒಳಗೆ ಹೋಗಿ ಇಂದುಧರಯ್ಯನನ್ನು ಮಾತಾಡಿಸಿರಲಿಲ್ಲ. ಕೊನೆಗೆ ಅಧ್ಯಕ್ಷರು, ಊರು ತನ್ನ ಕೈಲಾದದ್ದನ್ನೆಲ್ಲ ಮಾಡಿದೆ ಅಂತ ಹೇಳಿ ವಂದನಾರ್ಪಣೆ ಮಾಡಿದರು.

ಅದಾದ ಎಂಟು ತಿಂಗಳಿಗೆ ಜಿಲ್ಲೆಯಿಂದ ಒಂದು ಕಾಗದ ಬಂತು. ಮನಸ್ಸಿನ ಆರೋಗ್ಯಕ್ಕೆ ಪ್ರಥಮ ಚಿಕಿತ್ಸೆ, ಆತ್ಮಹತ್ಯೆ ತಡೆಯುವ ಬಗೆ, ಮೂರು ದಿನದ ತರಬೇತಿ, ಪೂರ್ತಿ ಉಚಿತ. ಉಚಿತ ಅನ್ನುವುದೇ ತೊಡಕಾಯಿತು. ಪುಕ್ಕಟೆ ಕೊಡುತ್ತಾರೆ ಅಂದರೆ ಒಳಗೇನೋ ಇದೆ ಅಂತ ಕೆಲವರು, ಹೆಸರು ಬರೆಸಿದರೆ ನಮ್ಮನೆಯಲ್ಲೇ ಏನೋ ಇದೆ ಅಂದುಕೊಳ್ಳುತ್ತಾರೆ ಅಂತ ಉಳಿದವರು. ಎರಡು ವಾರ ಒಂದು ಹೆಸರೂ ಬರಲಿಲ್ಲ. ಆಮೇಲೆ ಫಾಲಾಕ್ಷಪ್ಪ ಮೇಷ್ಟ್ರು ಮುಂದೆ ನಿಂತರು. ಕತ್ತಿನಲ್ಲಿ ಸೀಟಿ ನೇತುಹಾಕಿಕೊಂಡೇ ಮಲಗುತ್ತಾರೇನೋ ಅನ್ನುವಂಥ ಮನುಷ್ಯ, ಆಚೆ ಬೀದಿಯಲ್ಲಿ ಕೆಮ್ಮಿದರೆ ಈಚೆ ಬೀದಿಯ ಮಗು ಏಳುತ್ತದೆ. ನೋಟೀಸಿನ ಕೆಳಗೆ 'ಪ್ರಮಾಣಪತ್ರ ಮತ್ತು ಮಧ್ಯಾಹ್ನದ ಊಟವಿದೆ' ಅಂತ ಅವರೇ ಬರೆಸಿದರು. ಮೂರೇ ದಿನಕ್ಕೆ ಮೂವತ್ತೆರಡು ಜನ ಆದರು.

ನಾನೂ ಹೆಸರು ಬರೆಸಲು ಹೋದೆ. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕಂತೆ. ಪುರಸಭೆಯ ಗುಮಾಸ್ತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಂಗ್ಯಾಕಮ್ಮ ಅದೆಲ್ಲ? ನೀನು ಚಪ್ಪಲಿ ನೋಡ್ಕೊ ಸಾಕು" ಅಂದ. ಮೂವತ್ತೆರಡು ಜನ ಒಳಗೆ ಕಲಿಯುವಾಗ ಹೊರಗೆ ಅವರ ಚಪ್ಪಲಿ ಕಾಯುವುದಕ್ಕೆ ಒಬ್ಬರು ಬೇಕಲ್ಲ. ಹೋಗಲಿ ಬಿಡು ಅಂತ ಸ್ಟೂಲನ್ನು ಕಿಟಕಿಯ ಕೆಳಗೆ ಎಳೆದುಕೊಂಡೆ.

ಕಲಿಸುವುದಕ್ಕೆ ಬಂದವರು ನಸೀಮಾ ಮೇಡಂ, ಜಿಲ್ಲಾ ಆಸ್ಪತ್ರೆಯವರು. ಬಂದವರೇ ಚಪ್ಪಲಿಯನ್ನು ಒಂದು ಅತ್ತ ಒಂದು ಇತ್ತ ಬಿಟ್ಟು ನಡೆದರು. ನಾನು ಗಾಬರಿಯಾಗಿ ಸ್ಟೂಲಿನಿಂದ ಎದ್ದೆ. ಅವರೂರಲ್ಲಿ ಚಪ್ಪಲಿ ಬಿಟ್ಟಲ್ಲೇ ಸುಮ್ಮನೆ ಬಿದ್ದಿರುತ್ತವಂತೆ. "ಹಾಗಾದ್ರೆ ಯಾರಿಗೆ ಕಷ್ಟ ಇದೆ ಅಂತ ನಿಮಗೆ ಹೆಂಗೆ ಗೊತ್ತಾಗುತ್ತೆ ಮೇಡಂ?" ಅಂತ ಕೇಳಿದೆ. "ಕೇಳ್ಬೇಕಾಗುತ್ತಮ್ಮ" ಅಂದರು. ಪಾಪ, ಎಷ್ಟು ಹಿಂದುಳಿದ ಊರು ಅಂದುಕೊಂಡೆ.

ಒಳಗೆ ಪಾಠ ಶುರುವಾಯಿತು. "ಕಾಲಿಗೆ ಗಾಯ ಆದ್ರೆ ಡಾಕ್ಟರ್ ಸಿಗೋವರೆಗೂ ಬಟ್ಟೆ ಕಟ್ತೀರಲ್ವಾ? ಮನಸ್ಸಿಗೂ ಅಷ್ಟೇ ಮಾಡೋದು. ನೀವು ಡಾಕ್ಟರ್ ಆಗ್ಬೇಕಿಲ್ಲ" ಅಂದರು ಮೇಡಂ. "ಮೊದಲನೇದು, ನೇರವಾಗಿ ಕೇಳಿ. ಸಾಯೋ ಯೋಚನೆ ಬರ್ತಿದೆಯಾ ಅಂತ ಅದೇ ಮಾತಲ್ಲಿ ಕೇಳಿ. ಕೇಳಿದ್ರೆ ಇಲ್ಲದ ಯೋಚನೆ ಹುಟ್ಟುತ್ತೆ ಅನ್ನೋದು ಸುಳ್ಳು. ಕೇಳಿದ್ರೆ ಅವರಿಗೆ ಉಸಿರಾಡೋಕೆ ಜಾಗ ಆಗುತ್ತೆ. ಎರಡನೇದು," ಅನ್ನುವಷ್ಟರಲ್ಲಿ ಪಕ್ಕದ ಅಡುಗೆಮನೆಯಲ್ಲಿ ಚಟ್ನಿಗೆ ಮಿಕ್ಸಿ ಹಾಕಿದರು. ಅದು ನಿಲ್ಲುವ ಹೊತ್ತಿಗೆ ಎರಡನೆಯದೂ ಮೂರನೆಯದೂ ಮುಗಿದು ಊಟದ ಬಿಡುವು. ಮಾರನೆಯ ದಿನ ಮೇಡಂ ಮತ್ತೆ ಮೊದಲಿಂದ ಹೇಳಿದರು, ಮಿಕ್ಸಿಯೂ ಸರಿಯಾಗಿ ಅಲ್ಲಿಗೇ ಬಂತು. ಹೀಗೆ ನಾನು ಮೂರು ದಿನವೂ ಮೊದಲನೆಯದನ್ನೇ ಕಲಿತೆ.

ಒಳಗಿದ್ದವರದು ಬೇರೆ ಪಾಡು. ಇಬ್ಬಿಬ್ಬರು ಎದುರು ಬದುರು ಕೂತು ಆ ಪ್ರಶ್ನೆ ಕೇಳುವ ಅಭ್ಯಾಸ ಮಾಡಬೇಕಿತ್ತು. ಮಹಿಳಾ ಸಮಾಜದ ತಿರುಮಲಾಂಬ ಎದುರಿನವರ ಕೈ ಹಿಡಿದುಕೊಂಡು, "ನಿಮಗೆ... ಅಂದ್ರೆ... ಹಾಗೆ ಏನಾದ್ರೂ... ಕಾಫಿ ಆಯ್ತಾ?" ಅಂದರು. ಔಷಧಿ ಅಂಗಡಿಯ ಮರಿದೇವರು, "ಅಂಥ ಯೋಚನೆ ಏನೂ ಇಲ್ಲ ತಾನೇ?" ಅಂತ ಕೇಳಿದರು. "ಇಲ್ಲ ತಾನೇ ಅಂತ ಕೇಳಿದ್ರೆ ಇಲ್ಲ ಅಂತಾನೇ ಹೇಳ್ತಾರೆ ಸರ್" ಅಂತ ಮೇಡಂ ತಿದ್ದಿದರು. ಫಾಲಾಕ್ಷಪ್ಪ ಮೇಷ್ಟ್ರು ಮಾತ್ರ ಹಾಜರಿ ಕೂಗುವ ಹಾಗೆ ಸ್ಪಷ್ಟವಾಗಿ ಕೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರು ದಿನದ ಪರೀಕ್ಷೆಯಲ್ಲೂ ಅವರದೇ ಮೊದಲ ಸ್ಥಾನ.

ಆದರೆ ಹೊರಗೆ ನಾನು ಬೇರೆಯದನ್ನೇ ನೋಡುತ್ತಿದ್ದೆ. ಮೇಷ್ಟ್ರದು ಬಿಳಿ ಕ್ಯಾನ್ವಾಸ್ ಬೂಟು. ಮೊದಲ ದಿನ ಊಟದ ಹೊತ್ತಿಗೆ ಅದು ಓರೆಯಾಗಿತ್ತು. ನೆಟ್ಟಗೆ ಮಾಡಿದೆ. ಎರಡನೆಯ ದಿನ ಗೋಡೆಗೆ ಮುಖ ಮಾಡಿ ಅಡ್ಡ ನಿಂತಿತ್ತು. ನೆಟ್ಟಗೆ ಮಾಡಿದೆ. ಮೂರನೆಯ ದಿನ ಬೆಳಿಗ್ಗೆ ಬಿಟ್ಟು ಹೋದ ಅರ್ಧ ಗಂಟೆಗೇ ಪೂರ್ತಿ ತಿರುಗಿ ಬೀದಿ ನೋಡುತ್ತಿತ್ತು. ನಾಲ್ಕು ಸಲ ನೆಟ್ಟಗೆ ಮಾಡಿದೆ. ಹಗ್ಗ ಬಿಚ್ಚಿದ ಕರು ತಾಯಿಯ ಕಡೆಗೇ ತಿರುಗುವ ಹಾಗೆ ನಾಲ್ಕು ಸಲವೂ ಅದು ಬೀದಿಗೇ ತಿರುಗಿತು. ಒಳಗಿಂದ ಮೇಷ್ಟ್ರ ನಗು ಕೇಳಿಸುತ್ತಿತ್ತು. ಹೇಳೋಣವೆಂದರೆ ಪ್ರಮಾಣ ಅಡ್ಡ ಬರುತ್ತದೆ. ಇರಲಿ, ಮೂವತ್ತೊಂದು ಜನ ಕಲಿತು ಹೊರಗೆ ಬರುತ್ತಾರಲ್ಲ, ಅವರ ಕಣ್ಣಿಗೆ ಬೀಳದೆ ಇರುತ್ತದೆಯೇ ಅಂತ ಧೈರ್ಯ ತಂದುಕೊಂಡೆ. ಹಾಗಾಗಿ ಐದನೆಯ ಸಲ ಅದನ್ನು ಮುಟ್ಟಲಿಲ್ಲ.

ಪ್ರಮಾಣಪತ್ರ ಹಂಚಿದರು, ಫೋಟೋ ತೆಗೆಸಿಕೊಂಡರು, ಎಲ್ಲರೂ ಹಿಂಬದಿಯ ಊಟದ ಹಾಲಿಗೆ ಹೋಗಲು ಹೊರಗೆ ಬಂದರು. ಮೇಷ್ಟ್ರು ಕುರ್ಚಿ ಜೋಡಿಸಲು ಒಳಗೇ ಉಳಿದಿದ್ದರು. ಮೊದಲು ಬಂದ ಮರಿದೇವರು ಬೂಟು ನೋಡಿದರು. ಒಂದು ಕ್ಷಣ ನಿಂತರು. ಕೇಳುತ್ತಾರೆ, ಒಳಗೆ ಹೋಗುತ್ತಾರೆ ಅಂದುಕೊಂಡೆ. ಕಾಲಿನಿಂದ ಬೂಟು ನೆಟ್ಟಗೆ ಮಾಡಿ ಮುಂದೆ ಹೋದರು. ಅವರ ಬೆನ್ನು ತಿರುಗುವಷ್ಟರಲ್ಲಿ ಬೂಟು ಮತ್ತೆ ಬೀದಿಗೆ ತಿರುಗಿತು. ಎರಡನೆಯವರು ನೆಟ್ಟಗೆ ಮಾಡಿದರು. ಮೂರನೆಯವರೂ ಮಾಡಿದರು. ಕೆಲವರು ನೋಡಿಯೂ ನೋಡದ ಹಾಗೆ ಬಿಸಿಬೇಳೆಬಾತಿನ ವಾಸನೆಯ ಕಡೆ ನಡೆದರು. ತಿರುಮಲಾಂಬ ಪ್ರಮಾಣಪತ್ರವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಗ್ಗಿ, ಎರಡೂ ಕೈಯಿಂದ ಬೂಟನ್ನು ನೆಟ್ಟಗೆ ಮಾಡಿ, ಅದನ್ನೊಮ್ಮೆ ಸವರಿ ಹೋದರು. ತರಬೇತಿಯಿಂದ ಆದ ಬದಲಾವಣೆ ಅಂದರೆ ಇದೇ, ಕಾಲಿನ ಬದಲು ಕೈ.

ಎಣಿಸುತ್ತಾ ಕೂತಿದ್ದೆ. ಹನ್ನೊಂದು ಜನ. ಜಗಲಿ ಖಾಲಿಯಾಯಿತು, ಬೂಟು ಮತ್ತೆ ತಿರುಗಿತು. ನನ್ನ ಕಾಲು ತಾನಾಗಿ ಮುಂದೆ ಚಾಚಿಕೊಂಡಿತು. ಹತ್ತೊಂಬತ್ತು ವರ್ಷದ ಅಭ್ಯಾಸ. ಹೆಬ್ಬೆರಳು ಬೂಟಿಗೆ ತಾಗಿತ್ತು. ಅಲ್ಲೇ ನಿಲ್ಲಿಸಿದೆ. ಸುಡು ಕೆಂಡ ಮುಟ್ಟಿದವಳ ಹಾಗೆ ಕಾಲು ಹಿಂದಕ್ಕೆಳೆದುಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು, ಕಾದೆ.

ಮೇಷ್ಟ್ರು ಬಂದರು. ಬೂಟು ನೋಡಿದರು. ಮುಖ ಕೆಂಪಾಯಿತು. "ಏನಮ್ಮ, ಕೆಲಸ ಮರ್ತೋಯ್ತಾ? ನೆಟ್ಟಗೆ ಮಾಡೋದಲ್ವಾ?"

"ಮರ್ತಿಲ್ಲ ಮೇಷ್ಟ್ರೇ. ಬೇಕಂತಲೇ ಬಿಟ್ಟಿದ್ದೀನಿ. ಒಂಚೂರು ಕೂತ್ಕೊಳ್ಳಿ."

ಅವರು ಕೂರಲಿಲ್ಲ. ಊರಿನವರನ್ನೆಲ್ಲ ಬಾಯಿಗೆ ಬಂದ ಹಾಗೆ ಅಂದುಬಿಡುವ ನನಗೆ ನಾಲ್ಕು ಮಾತು ಆಡುವುದು ಇಷ್ಟು ಕಷ್ಟ ಅಂತ ಅವತ್ತೇ ಗೊತ್ತಾದದ್ದು. "ಮೇಷ್ಟ್ರೇ, ನಿಮಗೆ ಸಾಯೋ ಯೋಚನೆ ಬರ್ತಿದೆಯಾ?" ಅಂದೆ.

ಮೇಷ್ಟ್ರು ನಕ್ಕರು. "ನೀನು ಕ್ಲಾಸಿಗೇ ಬಂದಿಲ್ವಲ್ಲೇ."

"ಕಿಟಕೀಲಿ ಕೇಳಿಸ್ಕೊಂಡೆ."

"ಯಾರ ಮುಂದೆ ಪಾಠ ಒಪ್ಪಿಸ್ತಿದ್ದೀಯಾ ಗೊತ್ತಾ? ನಾನು ಫಸ್ಟ್ ಬಂದಿದ್ದೀನಿ." ಕೈಯಲ್ಲಿದ್ದ ಪ್ರಮಾಣಪತ್ರ ತೋರಿಸಿದರು. ನಾನು ಅದನ್ನು ನೋಡಲಿಲ್ಲ, ಅವರನ್ನೇ ನೋಡುತ್ತಿದ್ದೆ. ಅವರು ಸೀಟಿ ಬಾಯಿಗೆ ಇಟ್ಟುಕೊಂಡರು, ಊದಲಿಲ್ಲ, ತೆಗೆದರು. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತು "ಹೂಂ" ಅಂದರು.

ಅಷ್ಟು ದೊಡ್ಡ ಗಂಟಲಿನಿಂದ ಅಷ್ಟು ಸಣ್ಣ ದನಿ ಬಂತು. "ಕಾರಣ ಕೇಳ್ಬೇಡ" ಅಂದರು. "ಹೇಳೋಕೆ ದೊಡ್ಡದೇನೂ ಇಲ್ಲ. ಬೆಳಿಗ್ಗೆ ಎದ್ದು ಹಲ್ಲುಜ್ಜೋದು ಒಂದು ಬೆಟ್ಟ ಹತ್ತಿದಂಗೆ ಆಗುತ್ತೆ. ಕೇರಂ ಬೋರ್ಡಿಗೆ ಪೌಡರ್ ಹಾಕ್ತೀನಿ, ಒಬ್ಬನೇ ಕೂತ್ಕೊತೀನಿ. ಇಂದುಧರನ ಚಪ್ಪಲಿ ಮೊದಲು ಮುಟ್ಟಿದ್ದು ನಾನು. ಒಳಗೆ ಹೋಗಿ ಏನೋ ಅಂದಿದ್ರೆ ಆಗ್ತಿತ್ತು. ಬೆಲ್ ಹೊಡೆಯೋ ಹೊತ್ತಾಯ್ತು ಅಂತ ಸ್ಕೂಲಿಗೆ ಓಡ್ದೆ."

ನನಗೂ ಹೇಳುವುದೊಂದು ಇತ್ತು. ನುಂಗಿಕೊಂಡೆ. ಆ ಹೊತ್ತು ನನ್ನದಲ್ಲ, ಅವರದು.

ಆಮೇಲೆ ಅವರೇ ಕೇಳಿದರು: "ಮೊದಲನೇದು ಕೇಳ್ದೆ ಸರಿ. ಎರಡನೇದು ಏನು ಗೊತ್ತಾ ನಿಂಗೆ?"

"ಇಲ್ಲ ಮೇಷ್ಟ್ರೇ. ಮಿಕ್ಸಿ ಶುರುವಾಯ್ತು."

ಅವರು ನನ್ನ ಮುಖವನ್ನೇ ನೋಡಿ, ಜೋರಾಗಿ ನಕ್ಕುಬಿಟ್ಟರು. ನಗುತ್ತಲೇ ಅಳು ಬಂತು. ಐವತ್ತೇಳು ವರ್ಷದ ಗಂಡಸು ಪುರಭವನದ ಮೆಟ್ಟಿಲ ಮೇಲೆ ಹಾಡಹಗಲು ಬಿಕ್ಕಿ ಬಿಕ್ಕಿ ಅತ್ತರು. ಅಳುತ್ತಲೇ ನನಗೆ ಪಾಠ ಹೇಳಿದರು, ಮೇಷ್ಟ್ರ ಬುದ್ಧಿ ಎಲ್ಲಿ ಹೋದೀತು. "ಎರಡನೇದು, ಸುಮ್ನೆ ಕೇಳಿಸ್ಕೋಬೇಕು. ಬುದ್ಧಿ ಹೇಳ್ಬಾರ್ದು. ಎಲ್ಲಾ ಸರಿಹೋಗುತ್ತೆ ಅನ್ಬಾರ್ದು."

"ಅನ್ನಲ್ಲ. ಮೂರನೇದು?"

"ಒಬ್ಬರನ್ನೇ ಬಿಡ್ಬಾರ್ದು. ತಿಳಿದವರ ಹತ್ರ ಜೊತೇಲೇ ಕರ್ಕೊಂಡು ಹೋಗ್ಬೇಕು."

"ಹಾಗಾದ್ರೆ ಏಳಿ" ಅಂದು ಅವರ ಕೈ ಹಿಡಿದೆ.

ಬೂಟನ್ನು ಹಾಗೇ ಬೀದಿಗೆ ಮುಖ ಮಾಡಿ ಬಿಟ್ಟು, ಬರಿಗಾಲಿನ ಮೇಷ್ಟ್ರನ್ನು ಬರಿಗಾಲಿನ ನಾನು ಊಟದ ಹಾಲಿಗೆ ಕರೆದುಕೊಂಡು ಹೋದೆ. ಮೂವತ್ತೊಂದು ಎಲೆಗಳ ಮೇಲೆ ಮೂವತ್ತೊಂದು ಕೈ ನಿಂತವು. ನಸೀಮಾ ಮೇಡಂ ಒಬ್ಬರೇ ಕೈ ತೊಳೆಯಲೂ ಪುರಸೊತ್ತಿಲ್ಲದೆ ಎದ್ದು ಬಂದರು. ನಾನು ಹೇಳಲು ಬಾಯಿ ತೆರೆಯುವ ಮೊದಲು ಮೇಷ್ಟ್ರೇ ಹೇಳಿದರು. ಮೇಡಂ ಗಾಬರಿಯಾಗಲಿಲ್ಲ. ಪಕ್ಕದ ಕೋಣೆಯಲ್ಲಿ ಕೂರಿಸಿಕೊಂಡು ಮಾತಾಡಿದರು, ಮೇಷ್ಟ್ರ ತಂಗಿಗೆ ಫೋನ್ ಮಾಡಿಸಿದರು, ತಂಗಿ ಬಂದ ಮೇಲೆ ಮೂವರೂ ಒಂದೇ ಜೀಪಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಹೊರಟರು. ಜೀಪು ಹತ್ತುವ ಮುಂಚೆ ತಂಗಿ ಬೂಟು ಎತ್ತಿಕೊಳ್ಳಲು ಬಂದಾಗ ಅದನ್ನು ನೆಟ್ಟಗೆ ಮಾಡಲು ಹೋದರು. "ಬೇಡಮ್ಮ, ಇದ್ದ ಹಾಗೇ ತಗೊಂಡೋಗಿ" ಅಂದೆ.

ವಾರದೊಳಗೆ ಪುರಸಭೆಯಿಂದ ನನಗೆ ನೋಟೀಸು ಬಂತು. ಕಂಡದ್ದನ್ನು ಹೇಳಿ ಪ್ರಮಾಣ ಮುರಿದ ಆರೋಪ. ಅಧ್ಯಕ್ಷರ ಮುಂದೆ ನಿಂತು, "ನಾನು ಬೇರೆಯವರಿಗೆ ಹೇಳಿಲ್ಲ ಸ್ವಾಮಿ, ಬೂಟಿನ ಯಜಮಾನರಿಗೇ ಹೇಳಿದ್ದು" ಅಂದೆ. ಅವರು ನಿಯಮದ ಪುಸ್ತಕ ತಿರುವಿ ಹಾಕಿದರು. ಹಾಗೆ ಹೇಳಬಾರದು ಅಂತ ಎಲ್ಲೂ ಬರೆದಿರಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಮಾಡದ ತಪ್ಪಾದ್ದರಿಂದ ಬರೆದಿಡುವ ಅಗತ್ಯ ಬಿದ್ದಿರಲಿಲ್ಲವಂತೆ. ಎಚ್ಚರಿಕೆ ಕೊಟ್ಟು ಬಿಟ್ಟರು. ಮೂವತ್ತೊಂದು ಜನ ತಮ್ಮ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಪುಟ್ಟಾಚಾರಿಯ ಗೂಡಿನ ಮೇಲೆಯೇ ತೂಗುಹಾಕಿದ್ದಾರೆ.

ಎರಡು ತಿಂಗಳಾದ ಮೇಲೆ ಮೇಷ್ಟ್ರು ಮತ್ತೆ ಸೀಟಿ ಹಾಕಿಕೊಂಡು ಓಡಾಡತೊಡಗಿದರು. ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗುತ್ತಾರೆ, ಮಾತ್ರೆ ನುಂಗುತ್ತಾರೆ. ಬೂಟು ಪೂರ್ತಿ ನೆಟ್ಟಗಾಗಿದೆ ಅಂತ ನಾನು ಸುಳ್ಳು ಹೇಳುವುದಿಲ್ಲ. ಒಂದೊಂದು ದಿನ ಓರೆ ಇರುತ್ತದೆ. ಅಂಥ ದಿನ ಅವರೇ ಅದನ್ನು ತೋರಿಸಿ, "ಇವತ್ತು ಇಷ್ಟು ಕಣಮ್ಮ" ಅನ್ನುತ್ತಾರೆ. ಕೇಳಿಸಿಕೊಂಡವರು ಮುಖ ಆಚೆ ತಿರುಗಿಸುತ್ತಾರೆ.

ಹೋದ ಗುರುವಾರ ಮಧ್ಯಾಹ್ನ ಪುರಭವನದಲ್ಲಿ ಯಾವ ಕಾರ್ಯಕ್ರಮವೂ ಇರಲಿಲ್ಲ. ನಾನು ಸುಮ್ಮನೆ ಬಂದು ಕೂತಿದ್ದೆ, ಮನೆಯಲ್ಲಿ ಕೂರಲು ಆಗುವುದಿಲ್ಲ ನನಗೆ. ಮೇಷ್ಟ್ರು ಆಸ್ಪತ್ರೆಗೆ ಹೋಗುವವರು ದಾರಿಯಲ್ಲಿ ನಿಂತು, ಬೂಟು ಬಿಚ್ಚಿಟ್ಟು, ನನ್ನ ಸ್ಟೂಲಿನ ಪಕ್ಕ ನೆಲದ ಮೇಲೆಯೇ ಕೂತರು.

"ಹೊಂಬಾಳಮ್ಮ, ನಿನ್ನ ಚಪ್ಪಲಿ ಎಲ್ಲಿ?"

"ನನ್ನ ಚಪ್ಪಲಿ ಕಟ್ಟಿಕೊಂಡು ನಿಮಗೇನಾಗಬೇಕು? ಬಸ್ ತಪ್ಪುತ್ತೆ, ಹೊರಡಿ."

ಅವರು ಗೋಣಿಚೀಲಕ್ಕೆ ಕೈ ಹಾಕಿದರು. ನಾನು ಅದರ ಮೇಲೆ ಕಾಲಿಟ್ಟೆ. "ನಂಗೇನು ಧಾಡಿ, ಕಲ್ಲುಗುಂಡಿನ ಹಂಗಿದ್ದೀನಿ" ಅಂದೆ. ಅವರು ಎಳೆಯಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ಹಾಗೇ ಕೂತರು. ಕೊನೆಗೆ ನನ್ನ ಕಾಲೇ ಸೋತು ಸರಿಯಿತು. ಚೀಲ ಸರಿಸಿದರು. ಬೆಳಿಗ್ಗೆ ಬಾಗಿಲ ಕಡೆ ಇಟ್ಟಿದ್ದ ನನ್ನ ಚಪ್ಪಲಿ ಎರಡೂ ಬೀದಿಗೆ ಮುಖ ಮಾಡಿ ಕೂತಿದ್ದವು. ಒಂದು ವರ್ಷದಿಂದ ಅವು ಇರುವುದೇ ಹಾಗೆ.

ಮೇಷ್ಟ್ರು ಅವನ್ನು ನೆಟ್ಟಗೆ ಮಾಡಲಿಲ್ಲ. ಹಾಜರಿ ಕೂಗುವ ದನಿಯನ್ನು ಎಲ್ಲೋ ಬಿಟ್ಟು ಬಂದವರ ಹಾಗೆ ಮೆಲ್ಲಗೆ ಆ ಪ್ರಶ್ನೆ ಕೇಳಿದರು. ಅಡುಗೆಮನೆಯಲ್ಲಿ ಅವತ್ತು ಮಿಕ್ಸಿಯೂ ಇರಲಿಲ್ಲ.

"ಬರ್ತಿದೆ" ಅಂದೆ. ಆಮೇಲೆ ಬೀಗ ಮುರಿದ ಹಾಗೆ ಬಂತು. "ಇಂದುಧರಯ್ಯ ಅವತ್ತು ಸಾಯಂಕಾಲ ಇಲ್ಲಿಗೇ ಬಂದಿದ್ರು ಮೇಷ್ಟ್ರೇ. ಒಳಗೆ ಭಾಷಣ ಇತ್ತು. ಹೊರಗೆ ಬಂದು ಟೋಕನ್ ಕೊಟ್ಟು, ಚಪ್ಪಲಿ ಮೆಟ್ಟದೆ ನನ್ನ ಮುಂದೆ ಸ್ವಲ್ಪ ಹೊತ್ತು ನಿಂತಿದ್ರು. ಏನೋ ಹೇಳೋಕೆ ಬಂದವರ ಹಂಗೆ. ನಾನು ನೋಡ್ದೆ. ಚಪ್ಪಲಿ ನೆಟ್ಟಗೆ ಮಾಡಿಕೊಟ್ಟು, ಹೋಗ್ಬನ್ನಿ ಅಂದೆ. ಸಭೇಲಿ ಹನ್ನೊಂದು ಜನ ಎದ್ದು ನಿಂತ್ರಲ್ಲ, ನಾನು ಏಳಲಿಲ್ಲ. ಹನ್ನೆರಡನೆಯವಳು ನಾನು."

ಮೇಷ್ಟ್ರು ಬುದ್ಧಿ ಹೇಳಲಿಲ್ಲ. ನಿನ್ನ ತಪ್ಪೇನಿಲ್ಲ ಅನ್ನಲಿಲ್ಲ. ನಾನು ಅತ್ತು ಮುಗಿಸುವವರೆಗೂ ಅಲ್ಲೇ ಇದ್ದರು. ಅಷ್ಟರಲ್ಲಿ ಅವರ ಬಸ್ಸು ಹೋಗಿಯಾಗಿತ್ತು.

"ಮುಂದಿನ ಬಸ್ಸು ಮೂರೂವರೆಗೆ" ಅಂದರು. "ಇಬ್ಬರೂ ಹೋಗೋಣ."

"ಮೂರನೇದು ನಂಗೆ ಗೊತ್ತು" ಅಂದೆ. ಅವರ ಬೂಟನ್ನು, ನನ್ನ ಚಪ್ಪಲಿಯನ್ನು ಅವು ಇದ್ದ ಹಾಗೇ ಗೋಣಿಚೀಲಕ್ಕೆ ಹಾಕಿ ಅವರು ಹೆಗಲಿಗೇರಿಸಿಕೊಂಡರು. ಬಸ್‌ಸ್ಟ್ಯಾಂಡಿನವರೆಗೂ ಇಬ್ಬರೂ ಬರಿಗಾಲಲ್ಲೇ ನಡೆದೆವು.